ಚಿತ್ರ ಬಿಡಿಸುವವರಿಗೆ ಓರೆ ಐಪೀಸಿನ ಸ್ಪಾಟಿಂಗ್ ಸ್ಕೋಪ್: ಬಳಸಿ ನೋಡಿ ಬರೆದದ್ದು

ವನ್ಯಜೀವಿಗಳ ಚಿತ್ರ ಬಿಡಿಸಿ ಬದುಕುವವರು ಯಾರಾದರೂ ಏನು ಕೊಳ್ಳಲಿ ಎಂದು ಕೇಳಿದರೆ ನನ್ನ ಉತ್ತರ ಒಂದೇ. ಹೊಸ ಕ್ಯಾಮೆರಾ ಲೆನ್ಸಿಗೆಂದು ಕೂಡಿಟ್ಟ ದುಡ್ಡನ್ನು ಸದ್ಯ ಮುಟ್ಟಬೇಡಿ, ಮೊದಲು ಒಂದು ಓರೆ ಐಪೀಸಿನ ಸ್ಪಾಟಿಂಗ್ ಸ್ಕೋಪ್ ತೆಗೆದುಕೊಳ್ಳಿ. ಟ್ರೈಪಾಡಿನ ಮೇಲೆ ಕೂರಿಸಿ ದೂರದ ಹಕ್ಕಿ, ಪ್ರಾಣಿಗಳನ್ನು ಒಂದು ಕಣ್ಣಿನಿಂದ ನೋಡುವ ದೂರದರ್ಶಕ ಅದು, ಐಪೀಸ್ ಎಂದರೆ ಕಣ್ಣಿಡುವ ತುದಿಯ ಗಾಜು. ನನ್ನ ಬಳಿ ಇರುವುದು 65 ಮಿಲಿಮೀಟರ್ ಮುಂಗಾಜಿನ, 45 ಡಿಗ್ರಿ ಬಾಗಿದ ಐಪೀಸಿನ, ಮಧ್ಯಮ ದರ್ಜೆಯ ಸ್ಕೋಪು. ವರ್ಷಗಟ್ಟಲೆ ಕೆಸರು, ಮಂಜು, ಬಣ್ಣದ ನೀರು ಎಲ್ಲವನ್ನೂ ಕಂಡಿದೆ. ಬೇರೆ ಬೇರೆ ಕಂಪನಿಗಳವನ್ನೂ ಜೊತೆಗಾರರಿಂದ ಪಡೆದು ಬಳಸಿದ್ದೇನೆ. ಹಾಗಾಗಿ ಯಾವುದೋ ಒಂದು ಮಾದರಿಯನ್ನು ಹಿಡಿದು ಹೊಗಳುವ ಬದಲು, ಈ ಬಗೆಯ ಉಪಕರಣ ಚಿತ್ರಕಾರರ ದಿನದ ಕೆಲಸಕ್ಕೆ ಏನು ಕೊಡುತ್ತದೆ, ಎಲ್ಲಿ ಕೈ ಕೊಡುತ್ತದೆ ಎಂದು ಬರೆಯುತ್ತೇನೆ.

ಬರೆಯಲೇಬೇಕು ಅನ್ನಿಸಿದ್ದಕ್ಕೆ ಕಾರಣವಿದೆ. ಸ್ಕೋಪುಗಳ ಬಗ್ಗೆ ಓದಲು ಸಿಗುವುದೆಲ್ಲ ಪಕ್ಷಿವೀಕ್ಷಕರು ಬರೆದದ್ದು. ಅವರ ಕೆಲಸ ದೂರದ ಹಕ್ಕಿಯನ್ನು ಗುರುತಿಸುವುದು. ಕಾಲಿನ ಬಣ್ಣ, ರೆಕ್ಕೆಯ ಪಟ್ಟೆ ಕಂಡರೆ ಮುಗಿಯಿತು, ಸ್ಕೋಪು ಮುಂದಿನ ಹಕ್ಕಿಯ ಕಡೆ ತಿರುಗುತ್ತದೆ. ನಮ್ಮ ಕೆಲಸ ಅಲ್ಲಿಂದ ಶುರುವಾಗುತ್ತದೆ. ಹೆಸರು ಗೊತ್ತಾದ ಮೇಲೆ ಅದೇ ಹಕ್ಕಿಯ ಎದುರು ಗಂಟೆಗಟ್ಟಲೆ ಕೂರಬೇಕು, ಒಂದು ಕಣ್ಣು ಗಾಜಿನಲ್ಲಿ, ಒಂದು ಕೈ ಕಾಗದದ ಮೇಲೆ. ಅವರಿಗೆ ಒಳ್ಳೆಯದೆನಿಸಿದ ಸ್ಕೋಪು ನಮಗೆ ಕತ್ತುನೋವು ತರಬಹುದು. ಅವರು ಬೇಡವೆನ್ನುವುದು ನಮಗೆ ವರವಾಗಬಹುದು.

ಮೊದಲನೆಯದು ಓರೆಯ ಪ್ರಶ್ನೆ. ಅಂಗಡಿಗಳಲ್ಲಿ ಎರಡು ಬಗೆ ಸಿಗುತ್ತವೆ: ಕೊಳವೆಯ ನೇರಕ್ಕೇ ಐಪೀಸ್ ಇರುವುದು, ಮೇಲ್ಮುಖವಾಗಿ 45 ಡಿಗ್ರಿ ಬಾಗಿರುವುದು. ನೇರದ್ದರಲ್ಲಿ ಹಕ್ಕಿಯನ್ನು ಹುಡುಕುವುದು ಸುಲಭ ಎಂದು ಎಲ್ಲರೂ ಹೇಳುತ್ತಾರೆ, ನಿಜವೇ. ಆದರೆ ಬಿಡಿಸುವವರು ಪ್ರತಿ ಗೆರೆಗೂ ಕಣ್ಣನ್ನು ಎದುರಿನಿಂದ ತೊಡೆಯ ಮೇಲಿನ ಕಾಗದಕ್ಕೆ ಇಳಿಸಬೇಕು, ಮತ್ತೆ ಏರಿಸಬೇಕು. ಹೀಗೆ ಏರಿಳಿಯುವ ಹೊತ್ತಿನಲ್ಲೇ ಕಂಡದ್ದು ಮಸುಕಾಗುತ್ತದೆ. ಕೊರಳಿನ ಬಾಗು ಎಷ್ಟಿತ್ತು, ಕೊಕ್ಕು ದಿಗಂತಕ್ಕಿಂತ ಮೇಲಿತ್ತೋ ಕೆಳಗಿತ್ತೋ ಎಂಬುದು ಕೈಗೆ ತಲುಪುವಷ್ಟರಲ್ಲಿ ಊಹೆಯಾಗಿಬಿಟ್ಟಿರುತ್ತದೆ. ಓರೆ ಐಪೀಸಿನಲ್ಲಿ ತಲೆ ಮೊದಲೇ ತಗ್ಗಿರುತ್ತದೆ. ಕಾಗದ ಕಣ್ಣಿನ ಕೆಳಗೇ ಇರುತ್ತದೆ. ಕತ್ತು ಅಲ್ಲಾಡುವುದೇ ಇಲ್ಲ, ನೋಟ ಮಾತ್ರ ಜಾರುತ್ತದೆ.

ಇನ್ನೂ ಒಂದು ಅನುಕೂಲವಿದೆ, ಕೊಳ್ಳುವ ಮುನ್ನ ಇದನ್ನು ತಪ್ಪದೆ ಪರೀಕ್ಷಿಸಿ. ಒಳ್ಳೆಯ ಸ್ಕೋಪುಗಳಲ್ಲಿ ಟ್ರೈಪಾಡಿಗೆ ಕೂರುವ ಪಟ್ಟಿ ಕೊಳವೆಯ ಸುತ್ತ ಒಂದು ಬಳೆಯಾಗಿರುತ್ತದೆ. ಅದರ ತಿರುಪು ಸಡಿಲಿಸಿದರೆ ಇಡೀ ಕೊಳವೆ ತನ್ನ ಅಕ್ಷದ ಮೇಲೆ ಉರುಳುತ್ತದೆ. ಬಲಗೈಯಲ್ಲಿ ಬಿಡಿಸುವ ನಾನು ಐಪೀಸನ್ನು ಎಡಕ್ಕೆ ಓರೆಯಾಗಿ ಹೊರಳಿಸಿ ಬಿಗಿಯುತ್ತೇನೆ. ಎಡಗಣ್ಣು ಗಾಜಿನ ಮೇಲೆ, ಎಡಗೈ ಫೋಕಸ್ ಉಂಗುರದ ಮೇಲೆ, ಬಲಗಣ್ಣು ತೆರೆದೇ ಇದ್ದು ಬಲತೊಡೆಯ ಮೇಲಿನ ಹಲಗೆಯನ್ನು ನೋಡುತ್ತಿರುತ್ತದೆ. ಮೊದಮೊದಲು ಎರಡು ಕಣ್ಣಿನ ಚಿತ್ರಗಳು ಒಂದರ ಮೇಲೊಂದು ಬಿದ್ದು ತಲೆ ಸುತ್ತಿದಂತಾಗುತ್ತದೆ. ಅಭ್ಯಾಸವಾದ ಮೇಲೆ ಯಾವ ಕಣ್ಣಿಗೆ ಮನಸ್ಸು ಕೊಡಬೇಕೋ ಆ ಕಣ್ಣು ತಾನಾಗಿ ಮುಂದೆ ಬರುತ್ತದೆ. ಒಂದು ಕಣ್ಣನ್ನು ಬಿಗಿಯಾಗಿ ಮುಚ್ಚಿ ನೋಡುವವರು ಬೇಗ ದಣಿಯುತ್ತಾರೆ, ಎರಡನ್ನೂ ತೆರೆದಿಡುವವರು ಬೆಳಗಿನ ಪೂರ್ತಿ ಕೂರಬಲ್ಲರು. ಈ ಉರುಳುವ ಬಳೆ ಇಲ್ಲದ ಸ್ಕೋಪು ಅಗ್ಗಕ್ಕೆ ಸಿಕ್ಕರೂ ನಾನು ಬೇಡ ಎನ್ನುತ್ತೇನೆ.

ಫೋಕಸ್ ವಿಷಯದಲ್ಲೂ ಅಷ್ಟೇ. ಮೇಲ್ಭಾಗದಲ್ಲಿ ಸಣ್ಣ ಗುಂಡಿ ಇರುವ ಮಾದರಿಗಳಿವೆ, ಕೊಳವೆಯ ಸುತ್ತ ಅಗಲವಾದ ರಬ್ಬರ್ ಉಂಗುರ ಇರುವ ಮಾದರಿಗಳಿವೆ. ಗುಂಡಿ ಸೂಕ್ಷ್ಮ, ಆದರೆ ಅದನ್ನು ಹುಡುಕಲು ಬೆರಳು ಮೇಲೆ ಹೋಗಬೇಕು. ಉಂಗುರವಾದರೆ ಎಡಗೈ ಎಲ್ಲಿ ಬಿದ್ದರೂ ಸಿಗುತ್ತದೆ, ಕೈಗವಸು ಹಾಕಿದ್ದರೂ ತಿರುಗುತ್ತದೆ. ನನ್ನ ಆಯ್ಕೆ ಉಂಗುರ.

ಇನ್ನು ಐಪೀಸ್. 20ರಿಂದ 60 ಪಟ್ಟು ಹಿಗ್ಗಿಸುವ ಜೂಮ್ ಐಪೀಸನ್ನೇ ಎಲ್ಲರೂ ಮಾರುತ್ತಾರೆ. 60 ಎಂಬ ಅಂಕೆ ಆಸೆ ಹುಟ್ಟಿಸುತ್ತದೆ. ಲೆಕ್ಕ ನೋಡಿ: ಐಪೀಸಿನಿಂದ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಎಂದರೆ ಮುಂಗಾಜಿನ ವ್ಯಾಸವನ್ನು ಹಿಗ್ಗುವಿಕೆಯಿಂದ ಭಾಗಿಸಿದಷ್ಟು. 65 ಮಿಲಿಮೀಟರ್ ಸ್ಕೋಪಿನಲ್ಲಿ 60 ಪಟ್ಟಿಗೆ ಅದು ಬರೀ 1 ಮಿಲಿಮೀಟರ್ ಚಿಲ್ಲರೆ. ಚಿತ್ರ ಮಬ್ಬು, ಕಣ್ಣು ಕೂದಲೆಳೆ ಸರಿದರೂ ಕತ್ತಲೆ. 30 ಪಟ್ಟಿಗೆ ಅದು 2 ಮಿಲಿಮೀಟರಿಗಿಂತ ತುಸು ಹೆಚ್ಚು. ಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆಯ ಅಗಲವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಆದ್ದರಿಂದ ನೋಟ ಹಿತವಾಗಿ ಕೂರುತ್ತದೆ. ಕಾಗದಕ್ಕೂ ಗಾಜಿಗೂ ನಡುವೆ ಕಣ್ಣು ಓಡಾಡುತ್ತಲೇ ಇರುವ ನಮಗೆ ಈ ಸಲಿಗೆ ಬೇಕೇ ಬೇಕು. ನಾನು ಜೂಮ್ ತೆಗೆದಿಟ್ಟು 30 ಪಟ್ಟಿನ, ಅಗಲ ನೋಟದ ಸ್ಥಿರ ಐಪೀಸ್ ಹಾಕಿಕೊಂಡಿದ್ದೇನೆ. ಹಕ್ಕಿ ನಾಲ್ಕು ಹೆಜ್ಜೆ ಇಟ್ಟರೂ ನೋಟದೊಳಗೇ ಇರುತ್ತದೆ, ಜೊತೆಗೆ ಅದು ನಿಂತ ಜಾಗವೂ ಕಾಣುತ್ತದೆ. ಹುಲ್ಲು, ನೀರಿನ ಅಂಚು, ಕಲ್ಲಿನ ನೆರಳು ಇಲ್ಲದೆ ಬರೀ ಹಕ್ಕಿಯನ್ನು ಬಿಡಿಸಿ ತಂದರೆ ಮನೆಯಲ್ಲಿ ಅದರ ಕಾಲ ಕೆಳಗೆ ನೆಲ ಹುಡುಕುವುದು ದೊಡ್ಡ ಪೇಚಾಟ. ಕನ್ನಡಕ ಹಾಕುವವರು ಇನ್ನೊಂದನ್ನು ಗಮನಿಸಬೇಕು: ಕಣ್ಣು ಗಾಜಿನಿಂದ ಎಷ್ಟು ದೂರ ಸರಿಯುವವರೆಗೂ ಪೂರ್ತಿ ಚಿತ್ರ ಕಾಣುತ್ತದೆ ಎಂಬ ಅಳತೆ 15 ಮಿಲಿಮೀಟರಿಗಿಂತ ಕಡಿಮೆ ಇರಬಾರದು.

80 ಮಿಲಿಮೀಟರ್ ಸ್ಕೋಪು 65ರದ್ದಕ್ಕಿಂತ ಸುಮಾರು ಒಂದೂವರೆ ಪಟ್ಟು ಬೆಳಕು ಹಿಡಿಯುತ್ತದೆ. ಮುಂಜಾವದ ಮಬ್ಬಿನಲ್ಲಿ ವ್ಯತ್ಯಾಸ ಕಾಣುತ್ತದೆ, ಸುಳ್ಳಲ್ಲ. ಆದರೆ ಹೆಗಲ ಮೇಲೆ ಸ್ಕೋಪು ಒಂದೇ ಹೋಗುವುದಿಲ್ಲ. ಟ್ರೈಪಾಡ್, ಮಡಚುವ ಸ್ಟೂಲು, ಹಲಗೆ, ಕಾಗದ, ಬಣ್ಣದ ಡಬ್ಬಿ, ನೀರಿನ ಬಾಟಲಿ ಎಲ್ಲ ಸೇರುತ್ತವೆ. ಭಾರ ಜಾಸ್ತಿಯಾದ ದಿನ ನಡಿಗೆ ಕಡಿಮೆಯಾಗುತ್ತದೆ. ನನಗೆ 65 ಸಾಕು.

ಇಷ್ಟೆಲ್ಲ ಹೊತ್ತು ಹೋಗಿ ಸಿಗುವುದೇನು? ಬೂದು ಬಕವನ್ನೇ ತೆಗೆದುಕೊಳ್ಳಿ. ಹತ್ತಿರ ಹೋದ ಕ್ಷಣ ಅದು ಕೊರಳನ್ನು ಉದ್ದಕ್ಕೆ ಚಾಚುತ್ತದೆ, ಗರಿಗಳನ್ನು ಮೈಗೆ ಅಂಟಿಸಿಕೊಂಡು ಸಣ್ಣಗಾಗುತ್ತದೆ, ಕಣ್ಣು ನಮ್ಮ ಮೇಲೇ ನೆಡುತ್ತದೆ. ಹಾರುವ ಮುಂಚಿನ ಭಯದ ಭಂಗಿ ಅದು. ತುಂಬಾ ಚಿತ್ರಗಳಲ್ಲಿ ನಾವು ನೋಡುವ ಬಕ ಇದೇ. ಹತ್ತಿರ ಹೋಗಿ ತೆಗೆದ ಫೋಟೋದಿಂದ ಬಿಡಿಸಿದ್ದು, ಬೆದರಿದ ಹಕ್ಕಿ. 60 ಮೀಟರ್ ದೂರದಲ್ಲಿ ಸ್ಟೂಲಿನ ಮೇಲೆ ಸುಮ್ಮನೆ ಕೂತು 30 ಪಟ್ಟಿನಲ್ಲಿ ನೋಡಿದರೆ ಬಕ ಎರಡು ಮೀಟರಿನಾಚೆ ನಿಂತಷ್ಟು ದೊಡ್ಡದಾಗಿ ಕಾಣುತ್ತದೆ, ಅದಕ್ಕೆ ನಮ್ಮ ಗೊಡವೆಯೇ ಇರುವುದಿಲ್ಲ.

ಆಗ ಕಾಣುವ ಬಕವೇ ಬೇರೆ. ಕೊರಳು ಹೆಗಲೊಳಗೆ ಇಳಿದಿರುತ್ತದೆ, ಎದೆಯ ಉದ್ದ ಗರಿಗಳು ಸಡಿಲವಾಗಿ ಜೋತಿರುತ್ತವೆ, ಒಂದು ಕಾಲು ಹೊಟ್ಟೆಯ ಗರಿಯೊಳಗೆ ಮಾಯ. ಮೂರನೆಯ ರೆಪ್ಪೆ ಆಗಾಗ ಕಣ್ಣಿನ ಮೇಲೆ ಹಾಲಿನ ಪೊರೆಯಂತೆ ಸರಿದು ಹೋಗುತ್ತದೆ, ಆ ಗಳಿಗೆಯಲ್ಲಿ ಹಳದಿ ಕಣ್ಣು ಮಂಕಾಗುತ್ತದೆ. ಸ್ವಲ್ಪ ಹೊತ್ತಿಗೆ ಗರಿ ತಿದ್ದಿಕೊಳ್ಳಲು ಶುರು. ಬಕದ ಎದೆಯಲ್ಲಿ ಪುಡಿಯಾಗಿ ಉದುರುವ ವಿಶೇಷ ಗರಿಗಳಿವೆ. ಮೀನಿನ ಲೋಳೆ ಅಂಟಿದ ಗರಿಗೆ ಆ ಪುಡಿಯನ್ನು ಹಚ್ಚಿ, ಲೋಳೆ ಹೀರಿಕೊಂಡ ಮೇಲೆ ನಡುಬೆರಳಿನ ಉಗುರಿನಿಂದ ಬಾಚುತ್ತದೆ. ಆ ಉಗುರಿನ ಒಳ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಿವೆ. ತಲೆಯನ್ನು ಕೆರೆಯಲು ಕಾಲೆತ್ತಿದಾಗ ಇಡೀ ಮೈಯ ತೂಕ ಒಂದೇ ಕಾಲಿನ ಮೇಲೆ ಹೇಗೆ ಸರಿಯಿತು, ಅದಕ್ಕೆ ತಕ್ಕಂತೆ ಬಾಲ ಎಷ್ಟು ಕೆಳಗಿಳಿಯಿತು ಎಂದು ನೋಡುತ್ತಾ ಕೂತರೆ ಯಾವ ಅಂಗರಚನೆಯ ಪಾಠವೂ ಇಷ್ಟು ಚೆನ್ನಾಗಿ ಮನಸ್ಸಿಗೆ ಹತ್ತುವುದಿಲ್ಲ. ಕೊರಳಿನ ಆ ಹಠಾತ್ ಮುರಿವಿಗೆ ಉದ್ದವಾಗಿ ಮಾರ್ಪಟ್ಟ ಆರನೆಯ ಕತ್ತಿನ ಮೂಳೆ ಕಾರಣ ಎಂದು ಓದಿ ತಿಳಿದುಕೊಳ್ಳಬಹುದು. ಆ ಮುರಿವು ಎಷ್ಟು ಸಲೀಸಾಗಿ ಬಿಚ್ಚಿಕೊಂಡು ಮೀನಿನ ಕಡೆ ಚಿಮ್ಮುತ್ತದೆ ಎಂಬುದನ್ನು ಕಣ್ಣಾರೆ ನೋಡಬೇಕು.

ಹಕ್ಕಿಗಳು ಸುಮ್ಮನೆ ನಿಲ್ಲುವುದಿಲ್ಲವಲ್ಲ, ಬಿಡಿಸುವುದು ಹೇಗೆ ಎಂದು ಹೊಸಬರು ಕೇಳುತ್ತಾರೆ. ಅದೇ ಹಕ್ಕಿ ಅದೇ ಭಂಗಿಗೆ ಮರಳಿ ಬರುತ್ತದೆ ಎನ್ನುವುದೇ ಈ ಕೆಲಸದ ಕೀಲಿ. ಒಂದು ಹಾಳೆಯಲ್ಲಿ ಐದಾರು ಅರೆಬರೆ ಬಕಗಳನ್ನು ಶುರು ಮಾಡಿಡುತ್ತೇನೆ. ಒಂದರಲ್ಲಿ ಬೆನ್ನಿನ ಗೆರೆ ಮಾತ್ರ, ಇನ್ನೊಂದರಲ್ಲಿ ತಲೆ ಮತ್ತು ಕೊರಳು. ಹಕ್ಕಿ ಭಂಗಿ ಬದಲಿಸಿದಾಗ ನಾನು ಬೇರೆ ಚಿತ್ರಕ್ಕೆ ಹಾರುತ್ತೇನೆ, ಅದು ಮರಳಿದಾಗ ನಾನೂ ಮರಳುತ್ತೇನೆ. ಬೆಳಗು ಮುಗಿಯುವಷ್ಟರಲ್ಲಿ ಎರಡು ಮೂರಾದರೂ ತುಂಬಿಕೊಂಡಿರುತ್ತವೆ. ಪಕ್ಕದಲ್ಲಿ ಬಣ್ಣದ ಟಿಪ್ಪಣಿ: ಹೊಟ್ಟೆಯಡಿ ನೀರಿನ ಬೆಳಕು, ಬೆನ್ನು ಆಕಾಶದ ನೀಲಿಗಿಂತ ತಣ್ಣಗೆ, ಕಾಲು ನೆರಳಲ್ಲಿ ಹಸಿರುಗಂದು. ಈ ಪುಟ ಯಾರಿಗೂ ಮಾರಾಟವಾಗದು. ಆದರೆ ಮಾರಾಟವಾಗುವ ಎಲ್ಲವೂ ಇದರಿಂದಲೇ ಹುಟ್ಟುತ್ತದೆ.

ಪ್ರಾಣಿಯನ್ನು ಹತ್ತಿರದಿಂದ ನೋಡುವುದು ಹೇಗೆ ಎಂಬ ತೊಡಕು ನಮ್ಮ ವೃತ್ತಿಯಷ್ಟೇ ಹಳೆಯದು. ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರನಿಗೆ ಪ್ರಾಣಿಗಳೇ ಆಸ್ಥಾನಕ್ಕೆ ಬಂದವು. 1621ರಲ್ಲಿ ಆತ ಬಿಡಿಸಿದ ಜೀಬ್ರಾ ಬಾದಶಹನಿಗೆ ಕಾಣಿಕೆಯಾಗಿ ಬಂದಿದ್ದ ಜೀಬ್ರಾ. ಅದರ ಪಟ್ಟೆಗಳನ್ನು ನೋಡಿದರೆ ಆತ ಎಷ್ಟು ಹೊತ್ತು ಅದರೆದುರು ಕೂತಿರಬೇಕು ಎಂದು ನನಗೆ ಹೊಟ್ಟೆಕಿಚ್ಚಾಗುತ್ತದೆ. ಅಮೆರಿಕದಲ್ಲಿ ಜಾನ್ ಜೇಮ್ಸ್ ಆಡುಬನ್ ಹಕ್ಕಿಗಳನ್ನು ಕೊಂದು, ಅಳತೆಯ ಚೌಕಗಳಿದ್ದ ಹಲಗೆಗೆ ತಂತಿಯಿಂದ ಸಿಕ್ಕಿಸಿ, ಬದುಕಿದ್ದಾಗಿನ ಭಂಗಿಗೆ ತಂದು ಬಿಡಿಸುತ್ತಿದ್ದ. ಆ ಚಿತ್ರಗಳ ಶಕ್ತಿಯನ್ನು ಅಲ್ಲಗಳೆಯಲಾರೆ, ಆದರೆ ಕೆಲವು ಭಂಗಿಗಳಲ್ಲಿ ತಂತಿಯ ಬಿಗಿತ ಉಳಿದೇ ಇದೆ. ಸ್ವೀಡನ್ನಿನ ಲಾರ್ಸ್ ಯೋನ್‌ಸನ್ ಕಡಲ ದಂಡೆಯಲ್ಲಿ ಸ್ಕೋಪಿನ ಮುಂದೆ ಕೂತು ಜಲವರ್ಣ ಮಾಡುವವರು. ಅವರ ಹಕ್ಕಿಗಳ ಮೇಲೆ ಬೀಳುವ ಬೆಳಕು ಆ ಹೊತ್ತಿನ, ಆ ನೀರಿನ ಬೆಳಕು. ಪಂಜರವಿಲ್ಲದೆ, ಬಂದೂಕಿಲ್ಲದೆ ಪ್ರಾಣಿಯ ಎದುರು ಕೂರುವ ಭಾಗ್ಯ ನಮ್ಮ ಕಾಲದ ಚಿತ್ರಕಾರರದು. ಅದನ್ನು ಬಳಸಿಕೊಳ್ಳದೆ ಪರದೆಯ ಮೇಲಿನ ಫೋಟೋ ನೋಡಿ ಬಿಡಿಸುತ್ತಾ ವರ್ಷಗಳನ್ನು ಕಳೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಫೋಟೋದ ಮೇಲೆ ನನಗೆ ದ್ವೇಷವಿಲ್ಲ. ಹಾರುವ ರೆಕ್ಕೆಯ ಗರಿಗಳನ್ನು ಎಣಿಸಲು, ಕಾಲ್ಬೆರಳಿನ ಹುರುಪೆಗಳನ್ನು ನೋಡಲು ನಾನೂ ಕ್ಯಾಮೆರಾ ಬಳಸುತ್ತೇನೆ. ನಾನೇ ತೆಗೆದ ಫೋಟೋ ಮಾತ್ರ. ಬೇರೆಯವರದಾದರೆ ಕೇಳಿ, ಒಪ್ಪಿಗೆ ಪಡೆದು. ಆದರೆ ನೆರಳಿನ ವಿಷಯದಲ್ಲಿ ಫೋಟೋವನ್ನು ನಂಬಲಾಗುವುದಿಲ್ಲ. ಬಿಸಿಲಿಗೆ ಮೈಯೊಡ್ಡಿ ನಿಂತ ಬೆಳ್ಳಕ್ಕಿಯ ಫೋಟೋದಲ್ಲಿ ಒಂದೋ ಬೆನ್ನು ಬರೀ ಬಿಳಿಯಾಗಿ ಸುಟ್ಟುಹೋಗುತ್ತದೆ, ಇಲ್ಲವೇ ಹೊಟ್ಟೆ ಸತ್ತ ಬೂದಿಯಾಗುತ್ತದೆ. ಸ್ಕೋಪಿನಲ್ಲಿ ನೋಡಿ: ಬೆನ್ನಿನಲ್ಲಿ ಆಕಾಶದ ನೀಲಿ, ಹೊಟ್ಟೆಯಡಿ ಒಣಹುಲ್ಲಿನ ಹಳದಿ, ಕೊರಳಿನ ಮಡಿಕೆಯಲ್ಲಿ ತಿಳಿ ನೇರಳೆ, ನೀರಿನ ಮೇಲೆ ನಿಂತಿದ್ದರೆ ಅಲೆಯ ಬೆಳಕು ಜಾಲಿಯಾಗಿ ರೆಕ್ಕೆಯಡಿ ಓಡಾಡುತ್ತದೆ. ಬಿಳಿ ಹಕ್ಕಿಯಲ್ಲಿ ಬಿಳಿ ಎಷ್ಟು ಕಡಿಮೆ ಇದೆ ಎಂದು ಗೊತ್ತಾಗುವುದೇ ಹೀಗೆ.

ಬಣ್ಣದ ಮಾತು ಬಂದಾಗ ಗಾಜಿನ ಗುಣದ ಬಗ್ಗೆ ಹೇಳಲೇಬೇಕು. ಅಗ್ಗದ ಸ್ಕೋಪುಗಳಲ್ಲಿ ಕಪ್ಪು ಮತ್ತು ಬೆಳಕು ಸೇರುವ ಅಂಚಿನಲ್ಲಿ ನೇರಳೆ ಅಥವಾ ಹಸಿರು ಗೆರೆ ಹೊಳೆಯುತ್ತದೆ. ಬೇರೆ ಬೇರೆ ಬಣ್ಣದ ಬೆಳಕು ಗಾಜಿನಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಬಾಗುವುದು ಇದಕ್ಕೆ ಕಾರಣ. ಪಕ್ಷಿವೀಕ್ಷಕರಿಗೆ ಇದು ಸಣ್ಣ ಕಿರಿಕಿರಿ. ನಮಗೆ ದೊಡ್ಡ ತೊಂದರೆ, ಏಕೆಂದರೆ ನೀರುಕಾಗೆಯ ಕರಿ ರೆಕ್ಕೆಯ ಅಂಚಿನಲ್ಲಿ ನಿಜಕ್ಕೂ ಹಸಿರು ಮಿಂಚು ಇರುತ್ತದೆ, ಗಾಜು ತನ್ನದೊಂದನ್ನು ಸೇರಿಸಿದರೆ ಯಾವುದನ್ನು ಕಾಗದಕ್ಕೆ ಇಳಿಸುವುದು? ಈ ದೋಷವನ್ನು ತಗ್ಗಿಸುವ ಇಡಿ (ED, ಬಣ್ಣಗಳನ್ನು ಕಡಿಮೆ ಚದುರಿಸುವ ಗಾಜು) ಅಥವಾ ಫ್ಲೋರೈಟ್ ಗಾಜಿನ ಸ್ಕೋಪಿಗೆ ಹೆಚ್ಚು ಕೊಡಬೇಕಾಗುತ್ತದೆ. ಬೇರೆ ಎಲ್ಲದರಲ್ಲೂ ಜಿಪುಣತನ ಮಾಡಿ, ಇದರಲ್ಲಿ ಬೇಡ. ಕೆಲವು ಗಾಜುಗಳು ಇಡೀ ನೋಟಕ್ಕೆ ತೆಳು ಹಳದಿ ಛಾಯೆ ಕೊಡುವುದೂ ಉಂಟು. ಬಿಳಿ ಕಾಗದವೊಂದನ್ನು ದೂರದಲ್ಲಿ ಇಟ್ಟು, ಒಮ್ಮೆ ಬರಿಗಣ್ಣಿನಲ್ಲಿ, ಒಮ್ಮೆ ಗಾಜಿನಲ್ಲಿ ನೋಡಿದರೆ ತಿಳಿದುಹೋಗುತ್ತದೆ.

ಮಿಂಚುಳ್ಳಿಯ ನೀಲಿ ಮಾತ್ರ ಯಾವ ಗಾಜಿಗೂ ಪೂರ್ತಿ ದಕ್ಕುವುದಿಲ್ಲ. ಎದೆಯ ಕಿತ್ತಳೆಗೆ ವರ್ಣದ್ರವ್ಯ ಇದೆ. ಬೆನ್ನಿನ ನೀಲಿಗೆ ನೀಲಿ ವರ್ಣದ್ರವ್ಯವೇ ಇಲ್ಲ, ಗರಿಯೊಳಗಿನ ಸ್ಪಂಜಿನಂಥ ಅತಿಸೂಕ್ಷ್ಮ ರಚನೆ ಬೆಳಕನ್ನು ಚದುರಿಸಿ ನೀಲಿ ಕಾಣಿಸುತ್ತದೆ. ಹಕ್ಕಿ ತುಸು ಹೊರಳಿದರೆ ಆಕಾಶನೀಲಿ ಹೋಗಿ ಹಸಿರುನೀಲಿ, ಮೋಡ ಕವಿದರೆ ಮಂಕು. ಒಂದೇ ಫೋಟೋದಿಂದ ಬಿಡಿಸುವವರಿಗೆ ಸಿಗುವುದು ಒಂದೇ ನೀಲಿ. ಸ್ಕೋಪಿನ ಮುಂದೆ ಅರ್ಧ ಗಂಟೆ ಕೂತರೆ ಆ ನೀಲಿಗಳ ಇಡೀ ಓಟ ಕಾಣುತ್ತದೆ. ಆಮೇಲೆ ಥ್ಯಾಲೋ, ಸೆರುಲಿಯನ್, ಕೋಬಾಲ್ಟ್ ಎಂಬ ಮೂರು ನೀಲಿ ಬಣ್ಣಗಳನ್ನೂ ಎಲ್ಲಿ ತೆಳುವಾಗಿ, ಎಲ್ಲಿ ಗಟ್ಟಿಯಾಗಿ ಇಡಬೇಕು, ಹೊಳಪು ಕಾಣಲು ಪಕ್ಕದ ಬಣ್ಣವನ್ನು ಎಷ್ಟು ತಗ್ಗಿಸಬೇಕು ಎಂಬ ಅಂದಾಜು ಬರುತ್ತದೆ.

ಸ್ಕೋಪು ಕೊಡುವ ನೋಟದಲ್ಲಿ ಒಂದು ಮೋಸವಿದೆ, ಇದನ್ನು ತಿಳಿದೇ ಬಳಸಬೇಕು. ಬಕ ಎರಡು ಮೀಟರಿನಲ್ಲಿ ನಿಂತಷ್ಟು ದೊಡ್ಡದಾಗಿ ಕಾಣುತ್ತದೆ ಎಂದೆ. ಆದರೆ ನಾವು ನೋಡುತ್ತಿರುವುದು 60 ಮೀಟರಿನಿಂದಲೇ. ನಿಜವಾಗಿ ಎರಡು ಮೀಟರಿನಲ್ಲಿ ನಿಂತಿದ್ದರೆ ನಮ್ಮ ಕಡೆಯ ರೆಕ್ಕೆ ಆಚೆಯ ರೆಕ್ಕೆಗಿಂತ ದೊಡ್ಡದಾಗಿ ಕಾಣಬೇಕಿತ್ತು, ಕೊಕ್ಕು ನಮ್ಮತ್ತ ತಿರುಗಿದರೆ ಮುಂದಕ್ಕೆ ನುಗ್ಗಬೇಕಿತ್ತು. ಸ್ಕೋಪಿನಲ್ಲಿ ಎರಡು ರೆಕ್ಕೆಯೂ ಒಂದೇ ಅಳತೆ, ಹಿಂದಿನ ಪೊದೆ ಬೆನ್ನಿಗೇ ಅಂಟಿದಂತೆ. ಹೀಗೆ ಕಂಡದ್ದನ್ನು ಹಾಗೆಯೇ ಇಳಿಸಿದರೆ ಚಿತ್ರ ತೆಳುವಾದ ಹಲಗೆಯಂತಾಗುತ್ತದೆ. ದೂರದ ಹಕ್ಕಿಯನ್ನು ದೂರದಲ್ಲೇ, ಚಿಕ್ಕದಾಗಿ, ಸುತ್ತಲಿನ ಬಯಲಿನೊಂದಿಗೆ ಬಿಡಿಸುವುದಾದರೆ ಯಾವ ತೊಂದರೆಯೂ ಇಲ್ಲ. ಹತ್ತಿರದ ಹಕ್ಕಿ ಎಂಬ ಭಾವ ಬೇಕಾದಾಗ ನಾನು ಸ್ಟುಡಿಯೋದಲ್ಲಿ ಮೇಣದಲ್ಲಿ ಒರಟಾದ ಸಣ್ಣ ಬೊಂಬೆ ಮಾಡಿ, ಅದನ್ನು ಹತ್ತಿರದಿಂದ ನೋಡಿ ಕಾಲು ರೆಕ್ಕೆಗಳ ಅಳತೆ ತಿದ್ದುತ್ತೇನೆ. ಉದ್ದ ಲೆನ್ಸಿನ ಫೋಟೋಗಳಿಗೂ ಇದೇ ರೋಗ ಇದೆ, ಅವನ್ನು ನಕಲು ಮಾಡುವವರು ಗಮನಿಸುವುದು ಕಡಿಮೆ.

ಬಿಸಿಲೇರಿದ ಮೇಲೆ ಸ್ಕೋಪಿನ ಕೆಲಸ ನಿಲ್ಲುತ್ತದೆ. ನೆಲ ಕಾದು ಮೇಲೆದ್ದ ಬಿಸಿಗಾಳಿ ಬೆಳಕನ್ನು ಕುಣಿಸುತ್ತದೆ, ಹಿಗ್ಗಿಸಿದಷ್ಟೂ ಕುಣಿತ ಹೆಚ್ಚು. ಎಷ್ಟು ದುಬಾರಿ ಗಾಜಾದರೂ ಇದಕ್ಕೆ ಮದ್ದಿಲ್ಲ. ನೀರಿನ ಮೇಲಿನ ನೋಟ ತುಸು ಹೊತ್ತು ಹೆಚ್ಚು ತಾಳುತ್ತದೆ. ಆಮೇಲೆ ಮನೆಗೆ ಬಂದು, ಉಳಿದ ದಿನವೆಲ್ಲ ಮೇಜು: 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿ ಕಾಗದವನ್ನು ನೆನೆಸಿ ಹಲಗೆಗೆ ಬಿಗಿಯುವುದು, ಬೆಳಗಿನ ಹಾಳೆಗಳಿಂದ ಬೆಂಕಿಪೆಟ್ಟಿಗೆಯಷ್ಟು ಗಾತ್ರದ ವಿನ್ಯಾಸಗಳನ್ನು ಗೀಚುವುದು, ಒಪ್ಪಿಕೊಂಡ ಚಿತ್ರವನ್ನು ಮುಂದುವರಿಸುವುದು, ಮಾರಾಟವಾದದ್ದನ್ನು ಸ್ಕ್ಯಾನ್ ಮಾಡಿ ಕಟ್ಟಿ ಕಳಿಸುವುದು, ಬಿಲ್ಲು ಬರೆಯುವುದು. ಕೊಳ್ಳುವವರ ಗೋಡೆಯ ಮೇಲೆ ಚಿತ್ರ ನಮ್ಮ ಕಾಲದ ನಂತರವೂ ಇರಬೇಕಾದದ್ದು. ಬೆಳಕಿಗೆ ಮಾಸುವ ಅಲಿಜರಿನ್ ಕ್ರಿಮ್ಸನ್‌ನಂಥ ಬಣ್ಣವನ್ನು ಡಬ್ಬಿಯಿಂದಲೇ ತೆಗೆದು, ಅದರ ಜಾಗಕ್ಕೆ ಗಟ್ಟಿಯಾಗಿ ಉಳಿಯುವ ಕ್ವಿನಾಕ್ರಿಡೋನ್ ಅಥವಾ ಪೆರಿಲೀನ್ ಕೆಂಪನ್ನು ಇಟ್ಟುಕೊಳ್ಳುವುದು ಇದಕ್ಕೇ. ಸ್ಕೋಪು ಬಂದ ಮೇಲೆ ಈ ಮೇಜಿನ ಕೆಲಸದಲ್ಲಿ ಒಂದು ಬದಲಾವಣೆ ಆಯಿತು. ಫೋಟೋ ನೋಡುತ್ತಾ ಮುಂದುವರಿಸುತ್ತಿದ್ದಾಗ ಪ್ರತಿ ಗರಿಯನ್ನೂ ಇಳಿಸಬೇಕೆಂಬ ಒತ್ತಾಯ ಇರುತ್ತಿತ್ತು. ಈಗ ಯಾವ ಗರಿಗುಂಪು ಬೆಳಕು ಹಿಡಿದಿತ್ತು, ಯಾವುದು ಕಣ್ಣಿಗೆ ಬೀಳಲೇ ಇಲ್ಲ ಎಂಬ ನೆನಪು ಜೊತೆಗಿರುತ್ತದೆ. ಬಿಡಬಹುದಾದದ್ದನ್ನು ಧೈರ್ಯವಾಗಿ ಬಿಡುತ್ತೇನೆ. ನೀರಿನಿಂದ ಎದ್ದ ನೀರುನಾಯಿಯ ಮೈಕೂದಲು ಒದ್ದೆಯಾಗಿ ಮುಳ್ಳುಮುಳ್ಳಾಗಿ ಗುಂಪುಗೂಡುವುದನ್ನು ನೋಡಿದವರು ಒಂದೊಂದೇ ಕೂದಲನ್ನು ಎಳೆಯುತ್ತಾ ಕೂರುವುದಿಲ್ಲ, ಆ ಗುಂಪುಗಳನ್ನೇ ಅಗಲ ಕುಂಚದಲ್ಲಿ ಇಡುತ್ತಾರೆ.

ಇನ್ನು ತಕರಾರುಗಳು. ಐಪೀಸಿನ ಮೇಲೆ ತಿರುಗಿಸಿ ಎತ್ತುವ ರಬ್ಬರ್ ಬಟ್ಟಲು ನನ್ನ ಸ್ಕೋಪಿನಲ್ಲಿ ಸಡಿಲಾಯಿತು. ಕಣ್ಣು ಒತ್ತಿದಾಗಲೆಲ್ಲ ಕೆಳಗಿಳಿದು ನೋಟ ಕಪ್ಪಾಗುತ್ತಿತ್ತು. ದುರಸ್ತಿಗೆ ಕಳಿಸಿದರೆ ಕಂಪನಿಯವರು ತಿಂಗಳುಗಟ್ಟಲೆ ಇಟ್ಟುಕೊಂಡರು, ಕೇಳಿದಾಗಲೆಲ್ಲ ಬಿಡಿಭಾಗ ಬರಬೇಕು ಎಂಬ ಉತ್ತರ. ಹಕ್ಕಿಗಳು ಗೂಡುಕಟ್ಟುವ ಕಾಲ ಹಾಗೇ ಕಳೆದುಹೋಯಿತು. ದುಡಿಯುವವರ ಉಪಕರಣಕ್ಕೆ ಇಂಥ ಸೇವೆ ಸಲ್ಲದು. ಕೊಳ್ಳುವಾಗ ಖಾತರಿಯ ವರ್ಷಗಳನ್ನು ಕೇಳಿದಷ್ಟೇ ಗಟ್ಟಿಯಾಗಿ, ದುರಸ್ತಿ ಎಲ್ಲಿ ನಡೆಯುತ್ತದೆ, ಆ ಹೊತ್ತಿಗೆ ಬದಲಿ ಕೊಡುತ್ತೀರಾ ಎಂದು ಕೇಳಿ.

ಒಳಗೆ ಸಾರಜನಕ ತುಂಬಿದ ಸ್ಕೋಪಿನೊಳಗೆ ಮಂಜು ಕಟ್ಟುವುದಿಲ್ಲ, ಅದು ನಿಜ. ಆದರೆ ತಲೆ ಬಗ್ಗಿಸಿ ಕೂರುವ ಭಂಗಿಯಲ್ಲಿ ನಮ್ಮ ಉಸಿರೇ ಐಪೀಸಿನ ಹೊರಗಾಜಿಗೆ ತಾಗಿ ಮಬ್ಬಾಗುತ್ತದೆ. ಬಾಯಿ, ಮೂಗಿಗೆ ಬಟ್ಟೆ ಸುತ್ತಿಕೊಳ್ಳುವುದೊಂದೇ ದಾರಿ. ಮಳೆಗೆ ಓರೆ ಐಪೀಸು ಆಕಾಶಕ್ಕೆ ತೆರೆದ ಬಟ್ಟಲಾಗುತ್ತದೆ, ಮುಚ್ಚಳವನ್ನು ದಾರದಲ್ಲಿ ಕಟ್ಟಿ ನೇತುಹಾಕಿಕೊಳ್ಳಿ. ಪೆನ್ಸಿಲ್ ಪುಡಿ ಗಾಜಿನ ಮೇಲೆ ಕೂತಾಗ ಮೊದಲು ಊದುವ ರಬ್ಬರ್ ಗುಂಡಿನಿಂದ ಗಾಳಿ, ನಂತರ ಮೆತ್ತನೆಯ ಕುಂಚ, ಕೊನೆಗೆ ಬಟ್ಟೆ. ಬಣ್ಣ ಹತ್ತಿದ ಅಂಗಿಯ ತುದಿಯಿಂದ ಒರೆಸಿದರೆ ಗಾಜಿನ ಲೇಪನ ಗೀರುತ್ತದೆ.

ಟ್ರೈಪಾಡಿನ ಬಗ್ಗೆ ಅಂಗಡಿಯವರು ಹೇಳುವುದೆಲ್ಲ ನಿಂತು ನೋಡುವವರಿಗೆ. ನಾವು ಕೂರುವವರು. ಎತ್ತರಕ್ಕೆ ಹೋಗುವುದು ಬೇಕಿಲ್ಲ, ಕಾಲುಗಳನ್ನು ಅಗಲಿಸಿ ತಗ್ಗಿಗೆ ಇಳಿಯಬೇಕು, ನಡುಗಂಬ ನೆಲಕ್ಕೆ ತಾಗಬಾರದು. ತಲೆಯ ಭಾಗ ಎಣ್ಣೆಯ ಬಿಗಿತದ್ದಾದರೆ ಒಳ್ಳೆಯದು: ಕೈ ಬಿಟ್ಟಲ್ಲೇ ನಿಲ್ಲಬೇಕು, ಒಂದು ಬೆರಳಿಗೆ ತಿರುಗಬೇಕು. ನಡೆಯುವ ಹಕ್ಕಿಯನ್ನು ಹಿಂಬಾಲಿಸುವಾಗ ಪ್ರತಿ ಸಲ ತಿರುಪು ಬಿಗಿಯುತ್ತಾ ಕೂತರೆ ಚಿತ್ರ ಮುಗಿಯುವುದಿಲ್ಲ.

ದಟ್ಟ ಕಾಡಿನೊಳಗೆ ಕೆಲಸ ಮಾಡುವವರಿಗೆ ಇದು ಬೇಡ. ಮರಗಳ ನಡುವೆ ನೋಟ ಹತ್ತಿಪ್ಪತ್ತು ಹೆಜ್ಜೆ ದಾಟದ ಕಡೆ, ಆನೆ ಜಿಂಕೆಗಳು ದಿಢೀರನೆ ಎದುರಾಗುವ ಕಡೆ 8 ಪಟ್ಟಿನ, 42 ಮಿಲಿಮೀಟರಿನ ಬೈನಾಕ್ಯುಲರ್ ಮತ್ತು ಜೇಬಿನ ಪುಸ್ತಕ ಸಾಕು. ಕೀಟ, ಚಿಟ್ಟೆ ಬಿಡಿಸುವವರಿಗೂ ಸ್ಕೋಪು ಅಷ್ಟಕ್ಕಷ್ಟೆ. ಕೆರೆ, ಅಳಿವೆ, ಕಡಲ ದಂಡೆ, ಹುಲ್ಲುಗಾವಲು, ಬೆಟ್ಟದ ಬಂಡೆ, ಹೀಗೆ ಬಯಲು ಇದ್ದಲ್ಲಿ ಇದಕ್ಕೆ ಸಮ ಇನ್ನೊಂದಿಲ್ಲ. ಗೂಡಿನ ವಿಷಯದಲ್ಲಿ ಮಾತ್ರ ಇಷ್ಟು ದೂರವೂ ಸಾಲದೇ ಹೋಗಬಹುದು. ತಾಯಿಹಕ್ಕಿ ಆಹಾರ ಹಿಡಿದು ಗೂಡಿಗೆ ಹೋಗದೆ ಪಕ್ಕದ ಕೊಂಬೆಯಲ್ಲಿ ತಡೆದು ನಿಂತಿತೆಂದರೆ, ಎದ್ದು ಇನ್ನೂ ಹಿಂದೆ ಸರಿಯಬೇಕು.

ಹಳೆಯದನ್ನು ಕೊಳ್ಳುವುದಕ್ಕೆ ಹಿಂಜರಿಯಬೇಡಿ, ಒಳ್ಳೆಯ ಗಾಜು ವಯಸ್ಸಾಯಿತೆಂದು ಕೆಡುವುದಿಲ್ಲ. ಮುಂಗಾಜಿನೊಳಗೆ ಓರೆಯಾಗಿ ಟಾರ್ಚ್ ಬಿಟ್ಟು ಶಿಲೀಂಧ್ರದ ಎಳೆ, ಒಳಧೂಳು ಇದೆಯೇ ನೋಡಿ. ಉರುಳುವ ಬಳೆಯ ತಿರುಪನ್ನು ಬಿಗಿದು ಕೊಳವೆಯನ್ನು ಕೈಯಿಂದ ತಿರುಚಿ ನೋಡಿ, ಜಾರಬಾರದು. ಬೆಳಗಿನ ಬಿಳಿ ಆಕಾಶಕ್ಕೆದುರಾಗಿ ಒಂದು ಒಣ ಕೊಂಬೆಯನ್ನು ನೋಡಿ, ಅಂಚಿನಲ್ಲಿ ನೇರಳೆ ಕಂಡರೆ ಬಿಡಿ. ಕೊನೆಗೆ ಮಾರುವವರ ಒಪ್ಪಿಗೆ ಪಡೆದು, ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಎದುರಿಗೆ ಸಿಕ್ಕ ಕಾಗೆಯನ್ನೋ ಪಾರಿವಾಳವನ್ನೋ ಅಲ್ಲೇ ಬಿಡಿಸಲು ಶುರು ಮಾಡಿ. ಹತ್ತು ನಿಮಿಷದಲ್ಲಿ ಕತ್ತು, ಸೊಂಟ, ಕಣ್ಣು ಯಾವುದೂ ತಕರಾರು ಎತ್ತದಿದ್ದರೆ ದುಡ್ಡು ಕೊಡಿ.